ಕೀಲುನೋವು: ಹಂದಿಗೋಡು ರೋಗ ಮತ್ತು ಇತರ ಕಾರಣಗಳು

ಪರೀಕ್ಷೆಗೆ ಓದುತ್ತಿರುವ ಅಣಶಿ, ಜೋಯಿಡಾ, ದಾಂಡೇಲಿ ಕಡೆಯ ಅಭ್ಯರ್ಥಿಗಳು ನಮ್ಮ ಮಲೆನಾಡಿನದೇ ಆದ ಮೊದಲ ಅಂಶವನ್ನು ಬಿಡಲೇಬಾರದು.

1. ಹಂದಿಗೋಡು ರೋಗ
• ಗಮನಕ್ಕೆ ಬಂದದ್ದು: 1974-75, ಹಂದಿಗೋಡು, ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ. ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದೆ.
• ಪೀಡಿತರು: ಹೆಚ್ಚಾಗಿ ಚನ್ನಂಗಿ, ಛಲವಾದಿ ಸಮುದಾಯದ ಕೂಲಿಕಾರ ಕುಟುಂಬಗಳು.
• ಲಕ್ಷಣ: ಸೊಂಟ, ಮೊಣಕಾಲಿನ ಕೀಲು ಸವೆತ, ಕೆಲವರಲ್ಲಿ ಕುಬ್ಜತೆ.
• ಕಾರಣ: ಮೊದಲು ಕೀಟನಾಶಕ ಬಿದ್ದ ಗದ್ದೆಯ ಏಡಿ, ಮೀನಿನ ಮೇಲೆ ಶಂಕೆ. ನಂತರದ ಅಧ್ಯಯನಗಳ ಪ್ರಕಾರ ಆನುವಂಶಿಕ (ಅಲಿಂಗ ವರ್ಣತಂತುವಿನ ಪ್ರಬಲ ಜೀನ್‌ನಿಂದ).
• ಗುಣಪಡಿಸುವ ಔಷಧವಿಲ್ಲ. ನೋವು ಶಮನ, ಫಿಸಿಯೋಥೆರಪಿ, ಕೀಲು ಬದಲಿ ಶಸ್ತ್ರಚಿಕಿತ್ಸೆ.
ಈ ರೋಗದ ಪೀಡಿತರಲ್ಲಿ ಅನೇಕರು ದುಡಿಯುವ ವಯಸ್ಸಿನಲ್ಲೇ ನಡೆಯಲಾರದಂತಾದವರು. ಒಂದು ಅಂಕದ ಪ್ರಶ್ನೆಯೆಂದಷ್ಟೇ ಓದಬೇಡಿ.

2. ಗೊಂದಲ ಬೇಡ: ಮಂಗನ ಕಾಯಿಲೆಯೂ ಶಿವಮೊಗ್ಗದ್ದೇ (ಕ್ಯಾಸನೂರು, ಸೊರಬ ತಾಲ್ಲೂಕು, 1957). ಆದರೆ ಅದು ಉಣ್ಣಿಯಿಂದ ಹರಡುವ ವೈರಸ್ ಜ್ವರ. ಉತ್ತರ ಕನ್ನಡದಲ್ಲೂ ಕಾಣಿಸಿಕೊಂಡಿದೆ.

3. ಸಂಧಿವಾತದ ಬಗೆಗಳು
• ಆಸ್ಟಿಯೋಆರ್ಥ್ರೈಟಿಸ್: ಮೃದ್ವಸ್ಥಿ ಸವೆತ. ವ್ಯಾಯಾಮ, ತೂಕ ಇಳಿಕೆ, ನೋವುನಿವಾರಕ.
• ರುಮಟಾಯ್ಡ್: ಸ್ವಯಂನಿರೋಧಕ ರೋಗ, ಎರಡೂ ಕೈಗಳ ಸಣ್ಣ ಕೀಲುಗಳು, ಬೆಳಗಿನ ಬಿಗಿತ. ಮೆಥೋಟ್ರೆಕ್ಸೇಟ್, ವಾರಕ್ಕೊಮ್ಮೆ, ದಿನವೂ ಅಲ್ಲ.
• ಗೌಟ್: ಯೂರಿಕ್ ಆಮ್ಲದ ಹರಳು, ಕಾಲಿನ ಹೆಬ್ಬೆರಳು. ದೀರ್ಘಾವಧಿಗೆ ಅಲೋಪ್ಯೂರಿನಾಲ್.

4. ಚಿಕೂನ್‌ಗುನ್ಯಾ: ಈಡಿಸ್ ಸೊಳ್ಳೆಯಿಂದ ಹರಡುವ, ಕೀಲುನೋವು ತರುವ ವೈರಸ್ ಜ್ವರ. ಮೊದಲು ಗುರುತಿಸಿದ್ದು 1952, ಇಂದಿನ ಟಾಂಜಾನಿಯಾ; ಭಾರತದಲ್ಲಿ 1963, ಕೋಲ್ಕತ್ತ. ಕರ್ನಾಟಕದಲ್ಲಿ 2006ರಲ್ಲಿ ವ್ಯಾಪಕ. ವಿಶ್ರಾಂತಿ, ಪ್ಯಾರಾಸಿಟಮಾಲ್, ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್ ಬೇಡ.

5. ವಿಶ್ವ ಸಂಧಿವಾತ ದಿನ: ಅಕ್ಟೋಬರ್ 12.