ಕೀಲೆಣ್ಣೆಯ ಆಯ್ಕೆ

ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕದಿದ್ದರೆ ಗಾಲಿಯು ಕಿರುಗುಟ್ಟುತ್ತದೆ, ಅಚ್ಚು ಸವೆಯುತ್ತದೆ. ಮೋಟಾರು ಕಾರಿನ ಎಂಜಿನ್ನಿಗೂ ಇದೇ ನಿಯಮ. ಅದರ ಪಿಸ್ಟನ್ನುಗಳು ನಿಮಿಷಕ್ಕೆ ಸಾವಿರಾರು ಬಾರಿ ಏರಿಳಿಯುತ್ತವೆ. ಲೋಹವು ಲೋಹವನ್ನು ಉಜ್ಜದಂತೆ ನಡುವೆ ನಿಂತು ಕಾಯುವುದು ಎಣ್ಣೆಯ ತೆಳುವಾದ ಪೊರೆ.

ಎಣ್ಣೆ ಮಂದವಾದಷ್ಟೂ ಎಂಜಿನ್ನಿಗೆ ಹಿತವೆಂದು ಹಲವರು ಭಾವಿಸುತ್ತಾರೆ. ಇದು ಸರಿಯಲ್ಲ. ದ್ರವವು ತನ್ನ ಹರಿವಿಗೆ ಒಡ್ಡುವ ತಡೆಗೆ ಸ್ನಿಗ್ಧತೆ ಎಂದು ಹೆಸರು. ನೀರಿಗೆ ಸ್ನಿಗ್ಧತೆ ಕಡಿಮೆ, ಹರಳೆಣ್ಣೆಗೆ ಹೆಚ್ಚು. ಆದರೆ ಹರಳೆಣ್ಣೆಯನ್ನು ಕಾಯಿಸಿದರೆ ಅದೂ ಸರಾಗವಾಗಿ ಹರಿಯುತ್ತದೆ. ಎಂಜಿನ್ನಿನ ಎಣ್ಣೆಯೂ ಹಾಗೆಯೇ. ಚಳಿಯಲ್ಲಿ ಮಂದವಾಗುತ್ತದೆ, ಕಾವೇರಿದಾಗ ತೆಳುವಾಗುತ್ತದೆ. ಅತಿ ಮಂದವಾದ ಎಣ್ಣೆಯು ಎಂಜಿನ್ ಚಾಲನೆಗೊಂಡ ಮೊದಲ ಕ್ಷಣಗಳಲ್ಲಿ ಕಿರಿದಾದ ನಾಳಗಳನ್ನು ಹಾಯ್ದು ಎಲ್ಲ ಭಾಗಗಳನ್ನೂ ಬೇಗನೆ ತಲುಪಲಾರದು. ಇಂಧನದ ವೆಚ್ಚವನ್ನೂ ಹೆಚ್ಚಿಸುತ್ತದೆ. ಅತಿ ತೆಳುವಾದ ಎಣ್ಣೆಯ ಪೊರೆಯು ಕಾವಿಗೂ ಒತ್ತಡಕ್ಕೂ ಸಿಕ್ಕಿ ಹರಿದುಹೋಗುತ್ತದೆ. ಎರಡರ ಫಲವೂ ಸವೆತವೇ.

ಅಮೆರಿಕದ ವಾಹನ ತಂತ್ರಜ್ಞರ ಸಂಘವು 1911ರಲ್ಲಿ ಎಣ್ಣೆಗಳನ್ನು ಸ್ನಿಗ್ಧತೆಗೆ ಅನುಸಾರವಾಗಿ ವರ್ಗೀಕರಿಸಿತು. ಅನೇಕ ಬಾರಿ ಪರಿಷ್ಕೃತವಾದ ಆ ಪದ್ಧತಿಯು ಇಂದಿಗೂ ಬಳಕೆಯಲ್ಲಿದೆ. ಎಣ್ಣೆಯ ಡಬ್ಬಿಯ ಮೇಲೆ ‘5ಡಬ್ಲ್ಯು-30’ ಎಂದು ಬರೆದಿದ್ದರೆ, ‘ಡಬ್ಲ್ಯು’ ಎಂಬುದು ಚಳಿಗಾಲವನ್ನು ಸೂಚಿಸುತ್ತದೆ. ಅದರ ಹಿಂದಿನ ಸಂಖ್ಯೆ ಚಿಕ್ಕದಾದಷ್ಟೂ ಎಣ್ಣೆಯು ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. ಕೊನೆಯ ಸಂಖ್ಯೆಯು ಕಾದ ಎಣ್ಣೆಯ ದರ್ಜೆ. 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಳೆದ ಸ್ನಿಗ್ಧತೆಯು ಅದಕ್ಕೆ ಆಧಾರ. ಈ ಎರಡು ಗುಣಗಳನ್ನು ಒಂದುಗೂಡಿಸಲು ಎಣ್ಣೆಗೆ ಪಾಲಿಮರುಗಳನ್ನು ಬೆರೆಸುವುದುಂಟು. ಅವುಗಳ ಸುರುಳಿಯಂತಹ ಅಣುಗಳು ಕಾವೇರಿದಂತೆ ಬಿಚ್ಚಿಕೊಂಡು, ಎಣ್ಣೆಯು ಮಿತಿಮೀರಿ ತೆಳುವಾಗದಂತೆ ತಡೆಯುತ್ತವೆ.

ಲಡಾಖಿನ ದ್ರಾಸಿನಲ್ಲಿ ಚಳಿಗಾಲದ ಉಷ್ಣತೆಯು ಸೊನ್ನೆಗಿಂತ 20 ಡಿಗ್ರಿಗಳಷ್ಟು ಕೆಳಗಿಳಿಯುವುದುಂಟು. ಅಲ್ಲಿ ಮೊದಲ ಸಂಖ್ಯೆ ಚಿಕ್ಕದಾಗಿರಲೇಬೇಕು. ಇಲ್ಲವಾದರೆ ಮುಂಜಾನೆ ಎಂಜಿನ್ ತಿರುಗುವುದೇ ಕಷ್ಟ. ರಾಯಚೂರಿನ ಬೇಸಿಗೆಯು 40 ಡಿಗ್ರಿಗಳನ್ನು ದಾಟುತ್ತದೆ. ಅಲ್ಲಿ ಕಾದ ಎಣ್ಣೆಯ ಪೊರೆ ಉಳಿಯುವುದೇ ಮುಖ್ಯವಾದುದರಿಂದ ಕೊನೆಯ ಸಂಖ್ಯೆಗೆ ಹೆಚ್ಚಿನ ಮಹತ್ತ್ವ.

ಆದರೂ ಹವೆಯೊಂದೇ ಆಯ್ಕೆಯ ಆಧಾರವಲ್ಲ. ಎಂಜಿನ್ನಿನ ಭಾಗಗಳ ನಡುವಣ ಸೂಕ್ಷ್ಮವಾದ ಅಂತರವನ್ನು ಬಲ್ಲವರು ಅದನ್ನು ನಿರ್ಮಿಸಿದವರು. ಆ ಅಂತರಕ್ಕೆ ಒಪ್ಪುವ ದರ್ಜೆಯನ್ನು ಅವರು ಕಾರಿನೊಡನೆ ಬರುವ ಕೈಪಿಡಿಯಲ್ಲಿ ತಿಳಿಸಿರುತ್ತಾರೆ. ಕೈಪಿಡಿಯನ್ನು ಬಿಟ್ಟು ಕೇವಲ ಬೆಲೆಯನ್ನಾಗಲಿ ಅನ್ಯರ ಮಾತನ್ನಾಗಲಿ ನೆಚ್ಚಿ ಎಣ್ಣೆ ಹಾಕಿಸುವವನು ಅಲ್ಪ ಉಳಿತಾಯಕ್ಕಾಗಿ ಎಂಜಿನ್ನನ್ನೇ ಕಳೆದುಕೊಳ್ಳಬಹುದು.