ಗೊರಕೆಯ ನಡುವೆ ಉಸಿರು ನಿಂತರೆ

ಮನೆಯಲ್ಲಿ ಯಾರಾದರೂ ಜೋರಾಗಿ ಗೊರಕೆ ಹೊಡೆಯುತ್ತ, ನಡುವೆ ಹತ್ತಾರು ಸೆಕೆಂಡು ಸದ್ದೇ ಇಲ್ಲದಂತಾಗಿ, ಆಮೇಲೆ ಉಸಿರಿಗೆ ಒದ್ದಾಡಿ ಮತ್ತೆ ಗೊರಕೆಗಿಳಿಯುತ್ತಾರೆಯೇ? ಗಾಢ ನಿದ್ದೆ ಅಂದುಕೊಳ್ಳಬೇಡಿ. ಅದು ಸ್ಲೀಪ್ ಅಪ್ನಿಯಾ ಇರಬಹುದು. ಉಸಿರು ನಿಂತಾಗಲೆಲ್ಲ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಈ ಏರಿಳಿತ ಕ್ಯಾನ್ಸರ್ ಗಡ್ಡೆ ಬೆಳೆಯಲು ಅನುಕೂಲ ಮಾಡಿಕೊಡುವುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸುಮಾರು 1,500 ಜನರನ್ನು 22 ವರ್ಷ ಗಮನಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ತೊಂದರೆ ತೀವ್ರವಾಗಿದ್ದವರಲ್ಲಿ ಕ್ಯಾನ್ಸರ್‌ನಿಂದ ಸಾಯುವ ಅಪಾಯ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಅಪ್ನಿಯಾವೇ ಕಾರಣವೆಂದು ಇನ್ನೂ ಸಾಬೀತಾಗಿಲ್ಲ, ಗಾಬರಿ ಬೇಡ. ಆದರೆ ಬಿಪಿ ಏರಿಸುವುದಂತೂ ಖಂಡಿತ. ಚಿಕಿತ್ಸೆಗೆ ಆ ಕಾರಣವೇ ಸಾಕು. ನಿದ್ದೆಯ ಪರೀಕ್ಷೆ ಮಾಡಿಸಿ. ಡಾಕ್ಟರ ಹತ್ತಿರ ಹೋಗುವಾಗ ಪಕ್ಕದಲ್ಲಿ ಮಲಗುವವರನ್ನೂ ಕರೆದೊಯ್ಯಿರಿ. ರಾತ್ರಿ ನಡೆಯುವುದು ಗೊತ್ತಿರುವುದು ಅವರಿಗೇ.