ದಿನಕ್ಕೆ ಮುನ್ನೂರು ಕಿಲೋಮೀಟರ್

ಅಡಿಕೆ ಕೊಯ್ಲು ಮುಗಿದು, ಮಂಡಿಯಿಂದ ದುಡ್ಡು ಕೈಗೆ ಬಂದ ಮೇಲೆ ತೀರ್ಥಹಳ್ಳಿ ಕಡೆಯ ನಮ್ಮ ಮೇಳಿಗೆ ಊರಿನ ಸುತ್ತಮುತ್ತ ಟಿಟಿಗಳಿಗೆ ಬೇಡಿಕೆ ಶುರುವಾಗುತ್ತದೆ. ಎರಡು ಮೂರು ಮನೆಯವರು ಸೇರಿ ಒಂದು ಟೆಂಪೊ ಟ್ರಾವೆಲರ್ ಗೊತ್ತು ಮಾಡುತ್ತಾರೆ. ಹಿಂದಿನ ಸೀಟಿನ ಅಡಿ ಗ್ಯಾಸ್ ಒಲೆ, ಅಕ್ಕಿ ಚೀಲ, ಸಾರಿನ ಪುಡಿ, ಮಿಡಿ ಉಪ್ಪಿನಕಾಯಿ. ಟಾಪಿನ ಮೇಲೆ ಟಾರ್ಪಾಲು ಹೊದಿಸಿದ ಹಾಸಿಗೆ ಸುರುಳಿ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ಪ್ರಕಟಿಸಿದಾಗ ಪೇಪರಿನ ಚಿತ್ರ ನೋಡಿ ನನಗೆ ಅನಿಸಿದ್ದು ಇಷ್ಟೇ: ಮಂಚ, ಕಕ್ಕಸು ಎರಡು ಬಿಟ್ಟರೆ ಉಳಿದದ್ದೆಲ್ಲ ನಮ್ಮಲ್ಲಿ ಆಗಲೇ ಇದೆ.

ಸೊಸೈಟಿಯಲ್ಲಿ ಲೆಕ್ಕ ಬರೆದೇ ತಲೆ ನರೆತವನಾದ್ದರಿಂದ ಊರಿನವರು ಟ್ರಾವೆಲ್ಸಿನವರ ಕೊಟೇಶನ್ ಹಿಡಿದು ನಮ್ಮ ಜಗಲಿಗೆ ಬರುವುದುಂಟು. ಕಾಶಿ, ಪ್ರಯಾಗ, ಅಯೋಧ್ಯೆ, ಗಯಾ ಎಂದು ಪಟ್ಟಿ ಇರುತ್ತದೆ. ಅದರ ಕೆಳಗೆ, ‘ಹತ್ತು ದಿನದೊಳಗೆ ಮುಗೀಬೇಕು ಮಾರಾಯ್ರೆ, ದಿನ ಜಾಸ್ತಿ ಆದ್ರೆ ಬಾಡಿಗೆ ಏರ್ತದೆ’ ಎಂಬ ಬಾಯಿಮಾತಿನ ಷರತ್ತು. ನಾನು ನಾಲ್ಕೂ ಕಡೆ ಹೋಗಿಬಂದವನು, ಓಡೋಡಿಯೂ ಹೋಗಿದ್ದೇನೆ, ನಿಧಾನವಾಗಿಯೂ ಹೋಗಿದ್ದೇನೆ. ಈ ಷರತ್ತು ಎಲ್ಲಿಂದ ಬಂತು ಎಂದು ಕೇಳಿದರೆ ಯಾರಲ್ಲೂ ಲೆಕ್ಕ ಇರುವುದಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಹೊರರಾಜ್ಯದ ಪ್ರವಾಸಕ್ಕೆ ಬಾಡಿಗೆ ಗಾಡಿಯವರು ಕಿಲೋಮೀಟರಿಗೆ ಇಷ್ಟು, ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರು ಎಂದು ದರ ಹೇಳುತ್ತಾರೆ. ಕೂಡಿ ಕಳೆಯಲು ಸುಲಭವಾಗಲಿ, ಕಿ.ಮೀ.ಗೆ 20 ರೂಪಾಯಿ, ದಿನಕ್ಕೆ ಕನಿಷ್ಠ 300 ಕಿ.ಮೀ. ಇಟ್ಟುಕೊಳ್ಳೋಣ. ಹೋಗಿ ಬಂದು ಒಟ್ಟು 4,200 ಕಿ.ಮೀ. ಆಯಿತು ಎನ್ನಿ. ಹತ್ತು ದಿನದಲ್ಲಿ ಮುಗಿಸಿದರೆ ಬಾಡಿಗೆ 84,000. ಹನ್ನೊಂದು ದಿನಕ್ಕೆ? ಅಷ್ಟೇ. ಹದಿನಾಲ್ಕು ದಿನಕ್ಕೂ ಅಷ್ಟೇ, ಯಾಕೆಂದರೆ 14 ಗುಣಿಸು 300 ಅಂದರೆ ಅದೇ 4,200. ಹದಿನೈದನೆಯ ದಿನದಿಂದ ಮಾತ್ರ ಗಾಡಿ ಕದಲದೆ ನಿಂತರೂ ದಿನಕ್ಕೆ 6,000 ಏರುತ್ತದೆ. ಒಟ್ಟು ದೂರವನ್ನು ಕನಿಷ್ಠ ಕಿಲೋಮೀಟರಿನಿಂದ ಭಾಗಿಸಿ. ಬಂದ ಸಂಖ್ಯೆಯವರೆಗೆ ನಿಧಾನಕ್ಕೆ ಬಾಡಿಗೆಯೇ ಇಲ್ಲ.

ಈ ಗಡಿಯ ಆಚೆ ಈಚೆ ಖರ್ಚಿನ ಸ್ವಭಾವವೇ ತಿರುಗಿಬೀಳುತ್ತದೆ. ಹತ್ತು ದಿನದ ಓಟದಲ್ಲಿ ದಿನಕ್ಕೆ ಬೆಲೆ ಇಲ್ಲ, ಪ್ರತಿ ಕಿಲೋಮೀಟರಿಗೂ ಇದೆ. ಆದರೆ ಅವಸರದವರೇ ಹೆಚ್ಚಾಗಿ ‘ಹೇಗೂ ಆ ಕಡೆ ಹೋಗ್ತೇವಲ್ಲ, ಶಿರಡಿ, ಶನಿ ಶಿಂಗಣಾಪುರ ಎರಡೂ ಆಗಿಬಿಡ್ಲಿ’ ಎಂದು ಸೇರಿಸುವವರು. ಅದಕ್ಕೆ 300 ಕಿ.ಮೀ. ಸುತ್ತಾದರೆ 6,000 ಬಿತ್ತು. ಹದಿನೆಂಟು ದಿನ ಆರಾಮಾಗಿ ಹೋಗುವವರಿಗೆ ಅದೇ ಶಿರಡಿ ಪುಕ್ಕಟೆ, ಓಡಿಸಲಿ ಬಿಡಲಿ ಆ ಕಿಲೋಮೀಟರಿಗೆ ಅವರು ದುಡ್ಡು ಕೊಟ್ಟಾಗಿದೆ. ನಾನು ನೋಡಿದಂತೆ ಜನ ಇದಕ್ಕೆ ತದ್ವಿರುದ್ಧ ಮಾಡುತ್ತಾರೆ.

ಬಾಡಿಗೆಯೊಂದೇ ಖರ್ಚಲ್ಲ ಎನ್ನುತ್ತೀರಿ. ಸರಿ. ನಾಲ್ಕು ದಿನ ಹೆಚ್ಚಾದರೆ ಡ್ರೈವರ್ ಬಾಟಾ ದಿನಕ್ಕೆ 600ರಂತೆ 2,400. ಹನ್ನೆರಡು ಜನಕ್ಕೆ ನಾಲ್ಕು ರೂಮು, ರೂಮಿಗೆ 1,200 ಎಂದರೆ ನಾಲ್ಕು ರಾತ್ರಿಗೆ 19,200. ಒಟ್ಟು 21,600. ಇದು ನಿಧಾನದ ಬೆಲೆ, ಒಪ್ಪಿಕೊಂಡೆ. ಈಗ ಅವಸರದ ಬೆಲೆ ನೋಡಿ. ಹತ್ತು ದಿನದಲ್ಲಿ 4,200 ಕಿ.ಮೀ. ಎಂದರೆ, ಊರು ನೋಡುವ ದಿನ ಕಳೆದು, ಓಡುವ ದಿನಗಳಲ್ಲಿ ಏಳುನೂರು ಕಿಲೋಮೀಟರಿನ ಹತ್ತಿರ ಬೀಳುತ್ತದೆ. ಅದು ಹನ್ನೆರಡು ಹದಿಮೂರು ಗಂಟೆಯ ಕೆಲಸ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಡ್ರೈವರಿಗೆ ದಿನಕ್ಕೆ ಎಂಟು ಗಂಟೆ ಎನ್ನುತ್ತಿತ್ತು, ಐದು ಗಂಟೆಗೊಮ್ಮೆ ಅರ್ಧ ಗಂಟೆಯಾದರೂ ವಿರಾಮ ಎನ್ನುತ್ತಿತ್ತು. ಹಾಗಾಗಿ ಎರಡನೆಯ ಡ್ರೈವರ್ ಬೇಕು. ಅವನಿಗೆ ದಿನಕ್ಕೆ ಸಾವಿರದಂತೆ 10,000, ಒಂದು ಸೀಟು ಬೇರೆ ಹೋಯಿತು. ರಾತ್ರಿಯೆಲ್ಲ ಓಡಿಸಿ ರೂಮಿನ ಬಾಡಿಗೆ ಉಳಿಸಿದೆವು ಎಂದು ಹೇಳಿಕೊಳ್ಳುವವರಿದ್ದಾರೆ; ಒಬ್ಬನೇ ಡ್ರೈವರನ್ನು ಇಟ್ಟುಕೊಂಡು ಹಾಗೆ ಮಾಡುವುದನ್ನು ನಾನು ಉಳಿತಾಯದ ಕಲಮಿನಲ್ಲಿ ಬರೆಯುವುದಿಲ್ಲ.

ಉಳಿದ ವ್ಯತ್ಯಾಸ 11,600. ಅದನ್ನು ತೀರಿಸುವುದು ಸೀಟಿನ ಅಡಿಯ ಒಲೆ. ಹನ್ನೆರಡು ಜನ ಹೋಟೆಲಿನಲ್ಲಿ ಒಂದು ಹೊತ್ತು ಉಂಡರೆ 1,800 ಹಿಡಿಯಿರಿ. ಅನ್ನ, ಸಾರು, ಮಜ್ಜಿಗೆ, ಒಂದು ಪಲ್ಯ ನಾವೇ ಮಾಡಿಕೊಂಡರೆ ಐನೂರರಲ್ಲಿ ಆಗುತ್ತದೆ. ಒಂಬತ್ತು ಹೊತ್ತು ಒಲೆ ಹಚ್ಚಿದರೆ ನಿಧಾನದ ಬೆಲೆ ಬಂದಂತೆಯೇ. ಆದರೆ ಅಡುಗೆಗೆ ನಿಲ್ಲಬೇಕು, ನೀರಿರುವ ಜಾಗ ಹುಡುಕಬೇಕು, ಪಾತ್ರೆ ತೊಳೆಯಬೇಕು, ಎರಡು ಗಂಟೆ ಹೋಗುತ್ತದೆ. ಓಡುವ ಗುಂಪಿನಲ್ಲಿ ಅಕ್ಕಿ ಚೀಲ ಕಾಶಿ ನೋಡಿಕೊಂಡು ಕಟ್ಟಿದ್ದು ಕಟ್ಟಿದಂತೆಯೇ ಮೇಳಿಗೆಗೆ ವಾಪಸು ಬಂದದ್ದನ್ನು ನಾನು ಕಂಡಿದ್ದೇನೆ. (ಒಲೆ ಹಚ್ಚುವುದು ಗಾಡಿಯಿಂದ ದೂರ, ಬಯಲಿನಲ್ಲಿ. 2023ರ ಆಗಸ್ಟಿನಲ್ಲಿ ಮಧುರೆಯಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿಯಲ್ಲಿ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಜನ ಸತ್ತರು.)

ಸ್ವಂತ ಕಾರಿನವರಿಗೆ ಕನಿಷ್ಠ ಕಿಲೋಮೀಟರಿನ ಕಾಟವಿಲ್ಲ, ವೇಗದ ಕಾಟವಿದೆ. ಗಂಟೆಗೆ 80ರಿಂದ 100ಕ್ಕೆ ಏರಿದರೆ ಗಾಳಿ ಒಡ್ಡುವ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ, ಅದು ವೇಗದ ವರ್ಗದಂತೆ ಬೆಳೆಯುತ್ತದೆ. ಲೀಟರಿಗೆ 15 ಕೊಡುವ ಗಾಡಿ 12ಕ್ಕೆ ಇಳಿದರೆ 4,200 ಕಿ.ಮೀ.ಗೆ 280 ಲೀಟರ್ ಬದಲು 350 ಬೇಕು. ಲೀಟರಿಗೆ ನೂರು ಹಿಡಿದರೂ 7,000 ಹೆಚ್ಚು. ಟೋಲಿನದು ಮಾತ್ರ ಅವಸರದವರ ಪರ: 24 ಗಂಟೆಯೊಳಗೆ ಅದೇ ಗೇಟಿಗೆ ಮರಳಿದರೆ ಎರಡೂ ಸೇರಿ ಒಂದೂವರೆ ಪಟ್ಟು, ತಡವಾದರೆ ಎರಡು ಪಟ್ಟು. ಕಾಶಿಗೆ ಹೋದವರಿಗೆ ಇದು ಎಲ್ಲಿ ಸಿಗಬೇಕು! 2025ರ ಆಗಸ್ಟ್ 15ರಿಂದ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸು (ಆಗ 3,000 ರೂಪಾಯಿ, 200 ಟ್ರಿಪ್) ಉಪಯೋಗಕ್ಕೆ ಬರುತ್ತದೆ, ಆದರೆ ರಾಷ್ಟ್ರೀಯ ಹೆದ್ದಾರಿ, ಎಕ್ಸ್‌ಪ್ರೆಸ್‌ವೇಗಳಲ್ಲಿ, ಖಾಸಗಿ ಕಾರು-ಜೀಪು-ವ್ಯಾನಿಗೆ ಮಾತ್ರ. ಹಳದಿ ಬೋರ್ಡಿನ ಟಿಟಿಗೆ ಇಲ್ಲ.

ದರ್ಶನವಷ್ಟೇ ಆಗಬೇಕು, ಬೇಗ ಮನೆ ಸೇರಬೇಕು ಎನ್ನುವವರಿಗೆ ನಾನು ರೈಲು ತೋರಿಸುತ್ತೇನೆ. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಹೊರಟ ಭಾರತ್ ಗೌರವ್ ಕಾಶಿ ದರ್ಶನ ರೈಲಿನಲ್ಲಿ ಎಂಟು ದಿನದ ಯಾತ್ರೆಗೆ 20,000; ಅದರಲ್ಲಿ 5,000 ರಾಜ್ಯ ಸರ್ಕಾರದ್ದು, ಯಾತ್ರಿಕರು ಕೊಟ್ಟದ್ದು 15,000. ಊಟ ವಸತಿಯೆಲ್ಲ ಅದರೊಳಗೇ. ರೈಲಿನ ಅವಸರದಲ್ಲಿ ಟಿಟಿಯಲ್ಲಿ ಹೋಗುವುದಕ್ಕೆ ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಇಷ್ಟೆಲ್ಲ ಹೇಳಿದರೂ ನಮ್ಮ ಕಡೆ ದಿನಕ್ಕೆ ನಿಜವಾದ ಬೆಲೆ ಕಟ್ಟುವುದು ಟ್ರಾವೆಲ್ಸಿನವನಲ್ಲ, ಕೊಟ್ಟಿಗೆ. ಎರಡು ಹಸು ಇದ್ದವರು ಹದಿನಾಲ್ಕು ದಿನ ಹಾಲು ಕರೆಯುವವರನ್ನು ಗೊತ್ತು ಮಾಡಬೇಕು, ಸಂಬಳ ಕೊಟ್ಟರೂ ಜನ ಸಿಗುವುದಿಲ್ಲ. ಬೇಸಿಗೆಯಾದರೆ ಸ್ಪ್ರಿಂಕ್ಲರ್ ಜೆಟ್ ತಿರುಗಿಸುವವರು ಯಾರು? ಮಳೆ ಹಿಡಿಯುವ ಹೊತ್ತಿಗೆ ಮೈಲುತುತ್ತ-ಸುಣ್ಣದ ಔಷಧಿ ಹೊಡೆಯುವ ಕೊನೆಗಾರ ಸಿಕ್ಕ ದಿನ ನೀವು ಪ್ರಯಾಗದಲ್ಲಿದ್ದರೆ ಆ ಒಂದು ದಿನದ ಬೆಲೆ ಇಡೀ ಬಾಡಿಗೆಯನ್ನು ಮೀರಬಹುದು, ಕೊಳೆ ರೋಗ ನಿಮಗೆ ಕಾಯುವುದಿಲ್ಲ. ಆದ್ದರಿಂದ ಹಸು ಮಾರಿದವರು, ಮನೆಯಲ್ಲಿ ಒಬ್ಬ ಮಗ ಉಳಿದವರು ನಿಧಾನವಾಗಿ ಹೋಗಲಿ. ಮಿಕ್ಕವರ ಅವಸರಕ್ಕೆ ನಾನು ಆಕ್ಷೇಪ ಮಾಡುವುದಿಲ್ಲ, ಅದು ಬಾಡಿಗೆ ಉಳಿಸಲು ಎನ್ನುವುದಕ್ಕೆ ಮಾತ್ರ ಆಕ್ಷೇಪ.

ಗಾಡಿ ಗೊತ್ತು ಮಾಡುವಾಗ ಮೂರು ಮಾತು ಬರವಣಿಗೆಯಲ್ಲಿ ತೆಗೆದುಕೊಳ್ಳಿ. 300 ಕಿ.ಮೀ. ಇಡೀ ಪ್ರವಾಸದ ಸರಾಸರಿಯೋ, ದಿನದಿನದ ಲೆಕ್ಕವೋ? ದಿನದಿನದ್ದಾದರೆ ಮೇಲಿನ ನನ್ನ ಲೆಕ್ಕ ಪೂರ್ತಿ ಬಿದ್ದುಹೋಗುತ್ತದೆ. ಕಿಲೋಮೀಟರು ಎಣಿಸುವುದು ನಮ್ಮ ಮನೆಯಿಂದಲೋ ಅವರ ಶೆಡ್ಡಿನಿಂದಲೋ? ಶಿವಮೊಗ್ಗದ ಗಾಡಿಯಾದರೆ ಮೇಳಿಗೆಗೆ ಬಂದು ಹೋಗುವುದಕ್ಕೇ ನೂರು ದಾಟುತ್ತದೆ. ತೀರ್ಥಹಳ್ಳಿಯಲ್ಲೇ ಸಿಕ್ಕರೆ ದರ ಒಂದು ರೂಪಾಯಿ ಹೆಚ್ಚಿದ್ದರೂ ಕೂಡಿಸಿ ನೋಡಿ ತೀರ್ಮಾನಿಸಿ. ಮೂರನೆಯದು, ದಿನ ಎಂದರೆ 24 ಗಂಟೆಯೋ, ನಡುರಾತ್ರಿಯಿಂದ ನಡುರಾತ್ರಿಯೋ? ಬಹಳ ಕಡೆ ಎರಡನೆಯದು. ರಾತ್ರಿ ಹತ್ತೂವರೆಗೆ ಹೊರಟರೂ ಒಂದು ದಿನ ಮುಗಿಯಿತು, ಹದಿನಾಲ್ಕರ ಗಡಿ ದಾಟಿದವರಿಗೆ ಅದು 6,000.

ಇದನ್ನು ನಮ್ಮ ಅತ್ತಿಗೆಗೆ ಹೇಳುವುದು ಸುಲಭವಿರಲಿಲ್ಲ. ಹೊರಡುವುದಕ್ಕೆ ರಾತ್ರಿ ಹತ್ತೂವರೆಯ ಗಳಿಗೆಯೇ ಆಗಬೇಕೆಂದು ಪಟ್ಟು ಹಿಡಿದಿದ್ದರು. ‘ಅತ್ತಿಗೆ, ಆ ಒಂದೂವರೆ ಗಂಟೆಗೆ ಆರು ಸಾವಿರ’ ಎಂದೆ. ಪಂಚಾಂಗ ಕೈಗೆತ್ತಿಕೊಂಡು ಕನ್ನಡಕ ಸರಿಮಾಡಿ ಬಹಳ ಹೊತ್ತು ನೋಡಿದರು. ‘ಬೆಳಿಗ್ಗೆ ಐದಕ್ಕೂ ಅಡ್ಡಿಯಿಲ್ಲ ಮಾರಾಯ, ಅದೂ ಒಳ್ಳೇದೇ’ ಎಂದರು.